ತಿಳಿಯದ ವಿದ್ಯಾರ್ಥಿಗೆ ಸೂತಕವಿಲ್ಲ

ಜೀವ ಎಂಬುದೊಂದು ಇದೆ ಎಂದು ವಿಶ್ವವಿದ್ಯಾಲಯವು ಸಾವಿರದ ಒಂಬೈನೂರ ಎಂಬತ್ತಮೂರನೆಯ ಇಸವಿಯಲ್ಲಿ ಒಪ್ಪಿಕೊಂಡಿತು. ಅದಕ್ಕೆ ಮುಂಚೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ.

ಸುತ್ತೋಲೆ ಹೀಗಿತ್ತು: "ಯಂತ್ರ ಕಟ್ಟುವವನಿಗೆ ಜೀವಿಯ ತಿಳಿವಳಿಕೆ ಇರತಕ್ಕದ್ದು. ಆದ್ದರಿಂದ ಎಂಜಿನಿಯರಿಂಗ್ ಪದವಿಯ ಎಲ್ಲಾ ವಿಭಾಗಗಳಲ್ಲೂ ಜೀವಶಾಸ್ತ್ರವನ್ನು ಬೆರೆಸತಕ್ಕದ್ದು. ಪ್ರಯೋಗಾಲಯದಲ್ಲಿ ಜೀವವಿರುವ ಜೀವಿ ಇರತಕ್ಕದ್ದು. ಪ್ರಾಯೋಗಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗದವನಿಗೆ ಪದವಿ ಇರುವುದಿಲ್ಲ."

ಕಾಲೇಜುಗಳು ತಮ್ಮ ಶಕ್ತಿಗೆ ತಕ್ಕಂತೆ ಪಾಲಿಸಿದವು. ಒಂದು ಕಾಲೇಜು ಗೋಡೆಗೆ ಕಪ್ಪೆಯ ಪಟ ಹಾಕಿತು. ಜೀವವಿರುವ ಜೀವಿ ಎಲ್ಲಿ ಎಂದು ಪರಿಶೀಲನಾ ಸಮಿತಿ ಕೇಳಿತು. ಪಟದ ಹಿಂದೆ ಹಲ್ಲಿ ಇದೆ ಎಂದರು. ಸಮಿತಿ ಪಟ ಎತ್ತಿ ನೋಡಿತು. ಇತ್ತು. ಮಾನ್ಯತೆ ಸಿಕ್ಕಿತು.

ನಮ್ಮ ಕಾಲೇಜು ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ರಸ್ತೆಯಲ್ಲಿತ್ತು. ಮುಂಚೆ ಆ ಜಾಗದಲ್ಲಿ ಹಿಪ್ಪುನೇರಳೆ ತೋಟವಿತ್ತು. ಆಮೇಲೂ ಇತ್ತು. ಕಾಲೇಜು ಅದರ ಒಂದು ಮೂಲೆಯಲ್ಲಿತ್ತು. ತೋಟ, ಕಾಲೇಜು ಎರಡೂ ಅಧ್ಯಕ್ಷ ದೊಡ್ಡನಾರಾಯಣಪ್ಪನವರವು. ತೋಟದ ನಡುವೆ ಅವರ ಹುಳುಮನೆ. ರೇಷ್ಮೆ ಹುಳು ಸಾಕುವ ಉದ್ದನೆಯ ಹೆಂಚಿನ ಮನೆ. ಸುತ್ತೋಲೆ ಬಂದ ಸಂಜೆಯೇ ಅದರ ಬಾಗಿಲ ಮೇಲೆ "ಜೀವಶಾಸ್ತ್ರ ಪ್ರಯೋಗಾಲಯ" ಎಂದು ಬಣ್ಣದಲ್ಲಿ ಬರೆಸಲಾಯಿತು. ಜೀವವಿರುವ ಜೀವಿಗಳು ಲಕ್ಷಗಟ್ಟಲೆ ಇದ್ದವು. ಅಷ್ಟು ಜೀವವಿದ್ದ ಕಾಲೇಜು ರಾಜ್ಯದಲ್ಲಿ ಇನ್ನೊಂದಿರಲಿಲ್ಲ.

ಹುಳುಮನೆಗೆ ಕೂಲಿಗೆ ಬರುತ್ತಿದ್ದ ಹೆಂಗಸರನ್ನು ಬಿಡಿಸಲಾಯಿತು. ಅವರಿಗೆ ಗಣಿತದ ಹಿನ್ನೆಲೆ ಇರಲಿಲ್ಲ. ಅವರ ಕೆಲಸವನ್ನು ವಿದ್ಯಾರ್ಥಿಗಳಿಗೆ ಪ್ರಯೋಗವೆಂದು ಹಂಚಲಾಯಿತು. ಸಿವಿಲ್‌ನವರು ಸೊಪ್ಪು ಕೊಯ್ಯುವುದು. ಮೆಕ್ಯಾನಿಕಲ್‌ನವರು ಹೆಚ್ಚುವುದು. ಎಲೆಕ್ಟ್ರಿಕಲ್‌ನವರು ತಟ್ಟೆಗಳಿಂದ ಹಿಕ್ಕೆ ತೆಗೆಯುವುದು. ಎಲೆಕ್ಟ್ರಿಕಲ್‌ನವರು ಇದು ತಾರತಮ್ಯ ಎಂದರು. ತಾಲ್ಲೂಕಿನಲ್ಲಿ ಕರೆಂಟು ಬಂದ ಮೇಲೆ ಅವರಿಗೆ ಬೇರೆ ಕೆಲಸ ಕೊಡಲಾಗುವುದು ಎಂದು ಅಧ್ಯಕ್ಷರು ಭರವಸೆ ಕೊಟ್ಟರು.

ಉಪನ್ಯಾಸಕರ ಹುದ್ದೆಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಲಾಯಿತು. ಕೋಲಾರದಿಂದ ಒಬ್ಬ ಎಂ.ಎಸ್ಸಿ. ಬಂದ. ಬೂಟು ಹಾಕಿಕೊಂಡೇ ಹುಳುಮನೆಯೊಳಗೆ ಕಾಲಿಟ್ಟ. ಸಂದರ್ಶನ ಅಲ್ಲಿಗೆ ಮುಗಿಯಿತು.

ಕೊನೆಗೆ ಅಧ್ಯಕ್ಷರ ಹೆಂಡತಿ ಗಂಗರತ್ನಮ್ಮನವರನ್ನೇ ವಿಭಾಗದ ಮುಖ್ಯಸ್ಥರನ್ನಾಗಿ ನೇಮಿಸಲಾಯಿತು. ಹುಳುಮನೆ ಮೊದಲಿನಿಂದಲೂ ಅವರ ಕೈಯಲ್ಲಿತ್ತು. ವಿದ್ಯಾರ್ಹತೆ ಎಂಬಲ್ಲಿ "ಅಧ್ಯಕ್ಷರ ಧರ್ಮಪತ್ನಿ" ಎಂದು ಬರೆದು ಕಳಿಸಿದೆವು. ವಿಶ್ವವಿದ್ಯಾಲಯ ಆಕ್ಷೇಪಿಸಲಿಲ್ಲ.

ಮೊದಲನೆಯ ತರಗತಿಯಲ್ಲಿ ಒಬ್ಬ ಎದ್ದುನಿಂತು, "ಮೇಡಂ, ಜೀವ ಅಂದ್ರೇನು?" ಎಂದು ಕೇಳಿದ.

"ತಿಂತಾ ಇದ್ರೆ ಜೀವ ಐತೆ ಅಂತ. ತಿನ್ನೋದು ಬಿಟ್ರೆ ಹೋಯ್ತು ಅಂತ. ಬರ್ಕೊಳ್ರಿ."

ಎಲ್ಲರೂ ಬರೆದುಕೊಂಡರು. ಥಿಯರಿ ಮುಗಿಯಿತು. ಉಳಿದದ್ದು ಪ್ರಾಕ್ಟಿಕಲ್ಲು.

ಪ್ರಯೋಗಾಲಯದ ನಿಯಮಗಳನ್ನು ಗಂಗರತ್ನಮ್ಮನವರು ಬಾಯಲ್ಲಿ ಹೇಳಿದರು. ಪ್ರಾಂಶುಪಾಲ ಕೋದಂಡರಾಮಪ್ಪನವರು ಅದನ್ನು ಕಚೇರಿಯ ಭಾಷೆಗೆ ತಂದರು. ಅವರು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದವರು. ಅವರು ಕಟ್ಟಿಸಿದ ಸೇತುವೆಗಳಲ್ಲಿ ಒಂದು ಈಗಲೂ ಇದೆ. ನಿಯಮಗಳು ಇವು: ಸ್ನಾನ ಮಾಡದೆ ಒಳಗೆ ಬರತಕ್ಕದ್ದಲ್ಲ. ಚಪ್ಪಲಿ ನಿಷಿದ್ಧ. ಬೀಡಿ, ಪೌಡರು, ತಲೆಗೆ ವಾಸನೆ ಎಣ್ಣೆ ನಿಷಿದ್ಧ. ಹೊರಗಿನವರ ಕಣ್ಣು ಹುಳುವಿನ ಮೇಲೆ ಬೀಳತಕ್ಕದ್ದಲ್ಲ. ಮನೆಯಲ್ಲಿ ಸಾವಾದವನು ಸೂತಕ ಕಳೆಯುವವರೆಗೆ ಬಾಗಿಲಿಗೂ ಬರತಕ್ಕದ್ದಲ್ಲ.

ಕೊನೆಯದು ಹೊಸದೇನೂ ಅಲ್ಲ. ನಮ್ಮ ಸೀಮೆಯಲ್ಲಿ ಹುಳು ಸಾಕುವ ಮನೆಗಳಲ್ಲಿ ಇದು ಇದ್ದದ್ದೇ. ಸೂತಕದ ಕಾಲು ಒಳಗೆ ಬಿದ್ದರೆ ಹುಳುವಿಗೆ ಸಪ್ಪೆರೋಗ ಬರುತ್ತದೆ ಎಂದು ನಂಬಿಕೆ. ವಿಶ್ವವಿದ್ಯಾಲಯದ ನಿಯಮ ಇದರ ಪಕ್ಕದಲ್ಲಿ ಬಂದು ಕೂತದ್ದು ಮಾತ್ರ ಹೊಸದು. ಒಳಗೆ ಬರದವನು ಪರೀಕ್ಷೆಗೆ ಗೈರುಹಾಜರು. ಗೈರುಹಾಜರಾದವನು ನಪಾಸು. ಹೀಗೆ ವಿದ್ಯಾರ್ಥಿಗಳ ಮನೆಯವರ ಆಯುಷ್ಯವು ಪಠ್ಯಕ್ರಮದ ಭಾಗವಾಯಿತು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ ಮರುವರ್ಷ ಜೂನ್ ತಿಂಗಳಲ್ಲಿ ಬಂತು. ಹುಳು ಪೊರೆ ಬಿಡುವಾಗ ತಿನ್ನದೆ ತಲೆ ಎತ್ತಿ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ತಟ್ಟೆ. ಅಲ್ಲಿಂದ ಹುಳು ಹಣ್ಣಾಗಿ, ಅಂದರೆ ತಿನ್ನುವುದು ಮುಗಿಸಿ, ಗೂಡು ಕಟ್ಟುವವರೆಗೆ ಸೊಪ್ಪು ಹಾಕಿ ಅವನೇ ಸಾಕಬೇಕು. ಗೂಡಿನ ತೂಕದ ಮೇಲೆ ಅಂಕ. ಅಂಕ ವಿದ್ಯಾರ್ಥಿಗೆ. ಗೂಡು ಅಧ್ಯಕ್ಷರಿಗೆ.

ಮೆಕ್ಯಾನಿಕಲ್ ವಿಭಾಗದಲ್ಲಿ ಕದಿರೇಶ ಎಂಬ ಹುಡುಗನಿದ್ದ. ರಾಯಲ್ಪಾಡಿನವನು. ತಂದೆ ತಾಯಿ ಇಲ್ಲ. ಅಜ್ಜಿ ಆವಲಮ್ಮ ಸಾಕಿದ್ದರು. ಅವನು ಅವ್ವ ಎನ್ನುತ್ತಿದ್ದದ್ದು ಅವರನ್ನೇ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಗೊತ್ತಾಗಿತ್ತು. ಜುಲೈ ಒಂದಕ್ಕೆ ಪಾಸಾದ ಪತ್ರ ತಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಎಲ್ಲ ವಿಷಯ ಮುಗಿಸಿದ್ದ. ಉಳಿದದ್ದು ಹುಳು.

ರಾಯಲ್ಪಾಡಿನಿಂದ ಮುಳಬಾಗಿಲಿಗೆ ಬರುವ ಬಸ್ಸು ಕಾಲೇಜಿನ ಗೇಟಿನ ಮುಂದೆ ಹಾದುಹೋಗುತ್ತಿತ್ತು. ಅಜ್ಜಿ ವಾರಕ್ಕೊಮ್ಮೆ ಕಂಡಕ್ಟರ್ ಕೈಯಲ್ಲಿ ಒಂದು ಗಂಟು ಕಳಿಸುತ್ತಿದ್ದರು. ರೊಟ್ಟಿ, ಚಟ್ನಿಪುಡಿ, ಕಾಲಕ್ಕೆ ತಕ್ಕ ಮಾವಿನಕಾಯಿ. ತಟ್ಟೆ ಹಂಚಿದ ದಿನ ಕಂಡಕ್ಟರ್ ಬರಿಗೈಯಲ್ಲಿ ಇಳಿದ.

"ನಿಮ್ಮವ್ವ ಮಲಗವ್ಳೆ ಕಣೋ. ಮುದ್ದೆ ಬಿಟ್ಟವ್ಳೆ. ಒಂದ್ ದಪ ಬಂದು ನೋಡ್ಕಂಡ್ ಹೋಗು."

ಕದಿರೇಶ ರಜೆ ಕೇಳಲು ಹುಳುಮನೆಗೆ ಬಂದ. ಗಂಗರತ್ನಮ್ಮನವರು ಹೊಸಲಿನ ಒಳಗೆ ನಿಂತಿದ್ದರು. ಅವನು ಹೊರಗೆ.

"ಊರಿಗೆ ಹೋಗ್ಬರ್ತೀನಿ ಮೇಡಂ. ಅಜ್ಜಿಗೆ ಹುಷಾರಿಲ್ಲ."

"ಏನಾಗೈತೆ?"

"ಊಟ ಬಿಟ್ಟಿದಾರಂತೆ."

ಗಂಗರತ್ನಮ್ಮನವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. "ನೀನು ಹೋದಾಗ ಏನಾದ್ರೂ ಆದ್ರೆ?"

"ಆದ್ರೆ ನಾನೇ ಅಲ್ವಾ ಮೇಡಂ ಮಾಡ್ಬೇಕಾದೋನು. ಬೇರೆ ಯಾರೂ ಇಲ್ಲ."

"ಅದೇ ನಾನು ಹೇಳ್ತಿರೋದು. ಆಮೇಲೆ ಹನ್ನೊಂದು ದಿವ್ಸ ನೀನು ಈ ಕಡೆ ತಲೆ ಹಾಕಂಗಿಲ್ಲ. ಅಷ್ಟರಲ್ಲಿ ಹುಳ ಗೂಡು ಕಟ್ಟಿರ್ತದೆ. ನಿನ್ನ ತಟ್ಟೆ ಯಾರು ನೋಡ್ತಾರೆ?"

"ಎಲ್ಲಪ್ಪ ನೋಡ್ತಾನೆ ಮೇಡಂ. ನನ್ನ ರೂಮಿನೋನು."

"ಒಂದೇ ರೂಮಾ?"

"ಹೌದು ಮೇಡಂ."

"ಹಾಸ್ಟ್ಲಲ್ಲಿ ಒಲೆ ಎಷ್ಟು?"

"ಒಂದೇ."

ಆ ಮಾತಿನಿಂದ ಪ್ರಕರಣವು ಗಂಭೀರವಾಯಿತು. ಒಂದೇ ಒಲೆಯ ಅನ್ನ ಉಣ್ಣುವವರು ಒಂದೇ ಮನೆಯವರು ಎಂದು ವಿಭಾಗದ ಮುಖ್ಯಸ್ಥರು ತೀರ್ಪು ಕೊಟ್ಟರು. ಕದಿರೇಶನಿಗೆ ಸೂತಕ ಬಂದರೆ ಹಾಸ್ಟೆಲಿಗೆಲ್ಲಾ ಸೂತಕ. ಹಾಸ್ಟೆಲಿಗೆ ಸೂತಕವಾದರೆ ತಟ್ಟೆ ನೋಡುವವರಿಲ್ಲ. ಕೊನೆಯ ವರ್ಷದ ಅಷ್ಟೂ ಜನ ನಪಾಸು. ಬೆಳೆಯೂ ಹೋಯಿತು. ಕೊನೆಯ ಅಂಶವನ್ನು ಅಧ್ಯಕ್ಷರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ರಜೆ ಸಿಗಲಿಲ್ಲ. ಕದಿರೇಶ ಆದರೂ ಹೋಗುತ್ತೇನೆಂದು ರೂಮಿನಲ್ಲಿ ಚೀಲ ತುಂಬಿದ. ಎಲ್ಲಪ್ಪ ಬಾಗಿಲಿಗೆ ಅಡ್ಡ ಕೂತ.

"ಲೇ, ನೀನೊಬ್ನೇ ಹೋದ್ರೆ ನಾನೇನೂ ಅಂತಿರ್ಲಿಲ್ಲ. ನೀನು ಹೋದ್ರೆ ನಾವೆಲ್ಲಾ ಹೋದಂಗೆ ಕಣೋ. ನಮ್ಮಪ್ಪ ವಕ್ಕಲೇರಿನಲ್ಲಿ ಇಂಜಿನಿಯರ್ ಎಲ್ಲಪ್ಪ ಅಂತ ಆಗ್ಲೇ ಬೋರ್ಡು ಬರೆಸವ್ನೆ."

"ನಮ್ಮವ್ವ ಸಾಯ್ತಾವ್ಳೆ ಕಣೋ."

"ಇಲ್ಲ ಅಂದೆನಾ? ಒಂದು ವಾರ ತಡ್ಕೊಳ್ಳೋಕೆ ಆಗಲ್ವಾ ಅಂತ."

"ಯಾರು, ನಾನಾ ಅವಳಾ?"

"ಇಬ್ರೂನೂವೆ."

ಕದಿರೇಶ ಚೀಲ ಕೆಳಗಿಟ್ಟ. ಇಡೀ ತರಗತಿಯ ಪದವಿ ತನ್ನ ಬಸ್ ಟಿಕೆಟಿನ ಮೇಲೆ ನಿಂತಿದೆ ಎಂದು ಅವನಿಗೆ ಅರ್ಥವಾಗಿತ್ತು. ಅಷ್ಟು ಅರ್ಥವಾಗುವ ಮಟ್ಟಕ್ಕೆ ನಾವು ಅವನಿಗೆ ಶಿಕ್ಷಣ ಕೊಟ್ಟಿದ್ದೆವು.

ಆಡಳಿತ ಮಂಡಳಿ ತುರ್ತು ಸಭೆ ಸೇರಿತು. ಪ್ರಾಂಶುಪಾಲರು ತಾಂತ್ರಿಕವಾದ ಒಂದು ಪ್ರಶ್ನೆ ಎತ್ತಿದರು.

"ಅಮ್ಮಾವ್ರೇ, ಸೂತಕ ಯಾವಾಗಿಂದ ಶುರು? ಸತ್ತ ಗಳಿಗೆಯಿಂದಲೋ, ಗೊತ್ತಾದ ಗಳಿಗೆಯಿಂದಲೋ?"

"ಕಿವಿಗೆ ಬಿದ್ದಾಗಿಂದ," ಎಂದರು ಗಂಗರತ್ನಮ್ಮನವರು. "ದೂರದಲ್ಲಿರೋರಿಗೆ ಸುದ್ದಿ ಮುಟ್ಟಿದ ಮೇಲೇನೇ ಸ್ನಾನ. ಅದುವರ್ಗೂ ಏನಿಲ್ಲ."

"ಅಂದರೆ ತಿಳಿಯದೆ ಇದ್ದರೆ?"

"ತಿಳೀದೆ ಇದ್ರೆ ಸೂತಕ ಎಲ್ಲಿಂದ ಬರ್ತದೆ?"

ಕೋದಂಡರಾಮಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷದ ಸರ್ಕಾರಿ ಕೆಲಸದಲ್ಲಿ ಅವರು ಹುಡುಕುತ್ತಿದ್ದ ನಿಯಮ ಅದು. ಮರುದಿನ ಸೂಚನಾ ಫಲಕದ ಮೇಲೆ ಪ್ರಕಟಣೆ ಬಂತು:

"ಎಲ್ಲಾ ಕೊನೆಯ ವರ್ಷದ ವಿದ್ಯಾರ್ಥಿಗಳ ಗಮನಕ್ಕೆ. ತಿಳಿಯದ ವಿದ್ಯಾರ್ಥಿಗೆ ಸೂತಕವಿಲ್ಲ. ಆದುದರಿಂದ ಹುಳು ಗೂಡು ಕಟ್ಟುವವರೆಗೆ ಯಾವ ವಿದ್ಯಾರ್ಥಿಯೂ ಯಾವ ವಿಷಯವನ್ನೂ ತಿಳಿದುಕೊಳ್ಳತಕ್ಕದ್ದಲ್ಲ. ತಿಳಿದುಕೊಂಡಿರುವುದು ಕಂಡುಬಂದಲ್ಲಿ ಶಿಸ್ತಿನ ಕ್ರಮ ಜರುಗಿಸಲಾಗುವುದು. ಈಗಾಗಲೇ ತಿಳಿದಿರುವವರು ಕಚೇರಿಗೆ ಬಂದು ತಿಳಿಸತಕ್ಕದ್ದು."

ಯಾರೂ ಬರಲಿಲ್ಲ. ನಾಲ್ಕೈದು ವರ್ಷ ಓದಿದವರಲ್ಲಿ ಏನಾದರೂ ತಿಳಿದವನು ಒಬ್ಬನೂ ಇಲ್ಲವೆಂದು ಪ್ರಾಂಶುಪಾಲರು ಮಂಡಳಿಗೆ ವರದಿ ಕೊಟ್ಟರು. ಮಂಡಳಿ ಸಂತೋಷ ವ್ಯಕ್ತಪಡಿಸಿತು.

ಗ್ರಂಥಾಲಯಕ್ಕೆ ಬೀಗ ಹಾಕಲಾಯಿತು. ಪತ್ರಿಕೆ ನಿಲ್ಲಿಸಲಾಯಿತು. ಅಂಚೆಯವನು ಕಾಗದಗಳನ್ನು ಪ್ರಾಂಶುಪಾಲರಿಗೆ ಕೊಟ್ಟು ಹೋಗಬೇಕೆಂದಾಯಿತು. ಪ್ರಾಂಶುಪಾಲರು ಓದುತ್ತಿದ್ದರು. ಅವರಿಗೆ ತಿಳಿದರೆ ತೊಂದರೆಯಿಲ್ಲ. ಅವರ ಊಟ ಮನೆಯಲ್ಲಿ.

ಆದರೂ ಮೂಲಕ್ಕೇ ಹೋಗಿ ವ್ಯವಸ್ಥೆ ಮಾಡುವುದು ಒಳ್ಳೆಯದೆಂದು ಅಧ್ಯಕ್ಷರಿಗೆ ಅನ್ನಿಸಿತು. ಕಾಲೇಜಿನ ಜೀಪಿನಲ್ಲಿ ಅವರೂ ಪ್ರಾಂಶುಪಾಲರೂ ರಾಯಲ್ಪಾಡಿಗೆ ಹೋದರು. ಕಿತ್ತಳೆಹಣ್ಣು, ಗ್ಲೂಕೋಸ್ ಡಬ್ಬಿ ಒಯ್ದರು. ಖರ್ಚನ್ನು "ಪ್ರಯೋಗಾಲಯದ ಸಾಮಗ್ರಿ" ಎಂಬಲ್ಲಿ ತೋರಿಸಲಾಗಿದೆ.

ಆವಲಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ನೆರೆಯ ಮುನಿಶಾಮಮ್ಮ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದಳು. ಜೀಪಿನಿಂದ ಇಳಿದವರನ್ನು ನೋಡಿ ಆವಲಮ್ಮ ಕಣ್ಣು ಬಿಟ್ಟು, ಅರ್ಧ ತೆಲುಗಿನಲ್ಲಿ ಯಾರೆಂದು ಕೇಳಿದರು.

"ಎವರು ನಾಯನಾ? ವೋಟಿಗಾ?"

"ಅಲ್ಲಮ್ಮ. ಕದಿರೇಶನ ಕಾಲೇಜಿನವರು," ಎಂದರು ಪ್ರಾಂಶುಪಾಲರು. "ನಿಮ್ಮ ಆರೋಗ್ಯ ವಿಚಾರಿಸೋಣ ಅಂತ."

"ಅವ್ನೇನು ಮಾಡ್ದ?"

"ಏನೂ ಮಾಡಿಲ್ಲ. ಚೆನ್ನಾಗಿ ಓದ್ತಿದಾನೆ. ಈಗ ಪರೀಕ್ಷೆ ನಡೀತಾ ಇದೆ. ಹುಳ ಸಾಕ್ತಿದಾನೆ."

ಆವಲಮ್ಮ ಮುನಿಶಾಮಮ್ಮನ ಮುಖ ನೋಡಿದರು. ತಮಗೆ ಜ್ವರ ನೆತ್ತಿಗೇರಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವವರಂತೆ.

"ಏನು ಹುಳ?"

"ರೇಷ್ಮೆ ಹುಳ."

"ಅಯ್ಯೋ ನಿಮ್ಮ ಕಾಲೇಜಿಗಿಷ್ಟು. ನಾನು ಹನ್ನೆರಡು ವರ್ಷ ಹುಳ ಸಾಕಿ ಅವ್ನಿಗೆ ಫೀಜು ಕಟ್ಟಿದೀನಿ. ಇವನ ಕೈಗೆ ಸೊಪ್ಪಿನ ಕತ್ತಿ ಬರ್ಬಾರ್ದು ಅಂತ. ಅಲ್ಲೂ ಹುಳಾನೇ ಸಾಕ್ಸೋದಾದ್ರೆ ಇಲ್ಲೇ ಕಲಿಸ್ತಿದ್ನಲ್ಲಪ್ಪ."

"ಇಲ್ಲಿ ಸಾಕಿದರೆ ಡಿಗ್ರಿ ಸಿಗೋದಿಲ್ಲವಲ್ಲಮ್ಮ," ಎಂದರು ಅಧ್ಯಕ್ಷರು.

ಆವಲಮ್ಮ ಸ್ವಲ್ಪ ಯೋಚಿಸಿದರು. "ಅದೂ ನಿಜಾನೇ," ಎಂದರು.

ಅಧ್ಯಕ್ಷರು ಮೆಲ್ಲಗೆ ವಿಷಯಕ್ಕೆ ಬಂದರು. ತಟ್ಟೆ, ಒಲೆ, ಹಾಸ್ಟೆಲು, ತೂಕ, ಬೆಂಗಳೂರಿನ ಕೆಲಸ ಎಲ್ಲಾ ಹೇಳಿದರು. ಸಾವು ಎಂಬ ಮಾತು ಬಾಯಿಗೆ ಬರಲಿಲ್ಲ. "ಏನಾದರೂ ಅನಾನುಕೂಲ ಸಂಭವಿಸಿದಲ್ಲಿ" ಎಂದರು.

"ನಾನು ಸತ್ರೆ ಅಂತ ಹೇಳು ನಾಯನಾ. ಅದಕ್ಕೇನು ಸುತ್ತು ಬಳಸು. ನಾಲ್ಕನೇ ಜ್ವರ ಎದ್ದು ಎಷ್ಟು ದಿನ ಆಯ್ತು?"

"ಎರಡು ದಿನ ಆಯ್ತಮ್ಮ."

"ಸೊಪ್ಪು ಚೆನ್ನಾಗಿ ತಿಂತಾವಾ?"

"ತಿಂತಾವೆ."

"ಹಂಗಾದ್ರೆ ಹಣ್ಣಾಗೋಕೆ ಇನ್ನೂ ಐದಾರು ದಿನ." ಆವಲಮ್ಮ ಮಾಡಿನ ಕಡೆ ನೋಡಿದರು. "ನಂಗೆ ಆಗಲ್ಲ ಅನ್ಸುತ್ತೆ ಕಣ್ರಯ್ಯ."

ಅಧ್ಯಕ್ಷರು ಗ್ಲೂಕೋಸ್ ಡಬ್ಬಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು.

"ನನ್ನ ಬಾಯಿಗೆ ಅಕ್ಕಿ ಹಾಕೋಕೆ ಇರೋನು ಅವ್ನೊಬ್ನೇ. ಒಂದ್ಸಲ ಕಳ್ಸಿ. ಮುಖ ನೋಡ್ಕೊಂಡ್ ಬಿಡ್ತೀನಿ. ಆಮೇಲೆ ಕರ್ಕೊಂಡ್ ಹೋಗಿ."

"ಕಳಿಸಬಹುದಿತ್ತಮ್ಮ," ಎಂದರು ಪ್ರಾಂಶುಪಾಲರು. "ಅವನು ಇಲ್ಲಿರುವಾಗಲೇ ಆಗಿಬಿಟ್ಟರೆ, ಅವನಿಗೆ ತಿಳಿದುಬಿಡುತ್ತೆ."

ಮುನಿಶಾಮಮ್ಮ ಗಂಜಿಯ ಲೋಟ ಕೆಳಗಿಟ್ಟಳು. "ಮೊಮ್ಮಗ ಅಲ್ವೇನ್ರಿ? ತಿಳಿಬೇಕಾದೋನು ಅವ್ನೇ ತಾನೇ?"

"ಸುಮ್ನಿರೇ," ಎಂದರು ಆವಲಮ್ಮ. "ಹುಳ ಅಂದ್ಮೇಲೆ ಹುಳ. ಸೂತಕ ತಗುಲಿದ ಹುಳ ನಾನು ನೋಡಿದೀನಿ. ತಟ್ಟೆ ತಟ್ಟೆನೇ ಗುಂಡಿಗೆ ಸುರೀಬೇಕು. ಅಷ್ಟು ಜನ ಹುಡುಗರ ಪಾಪ ನಂಗ್ಯಾಕೆ. ಅವ್ನಿಗೆ ಹೇಳ್ಬೇಡ್ರಿ ಬಿಡಿ. ಗೂಡು ಕಟ್ಲಿ."

ಅಧ್ಯಕ್ಷರು ಕೈಮುಗಿದರು. ಕಾಲೇಜಿನ ಪರವಾಗಿ ಕೃತಜ್ಞತೆ ಹೇಳಿದರು. ಹೊರಡುವಾಗ ಆವಲಮ್ಮ ಕರೆದು, "ಮೋಡ ಆದ್ರೆ ಒದ್ದೆ ಸೊಪ್ಪು ಹಾಕ್ಬೇಡ ಅಂತ ಅವ್ನಿಗೆ ಹೇಳಿ," ಎಂದರು. ಆ ಮಾತನ್ನು ಕದಿರೇಶನಿಗೆ ಹೇಳಲಾಗಲಿಲ್ಲ. ಅದನ್ನು ಹೇಳಿದರೆ ಯಾರು ಹೇಳಿದರು ಎಂದು ಕೇಳುತ್ತಿದ್ದ.

ಆವಲಮ್ಮ ಪ್ರಯತ್ನಿಸಿದರು. ಆದರೆ ಹುಳು ಹಣ್ಣಾಗುವ ಮೊದಲೇ ತೀರಿಕೊಂಡರು. ಬೆಳಗಿನ ಬಸ್ಸಿನ ಕಂಡಕ್ಟರ್ ಪ್ರಾಂಶುಪಾಲರ ಕೋಣೆಗೆ ಬಂದು ಬಾಗಿಲು ಮುಚ್ಚಿ ಹೇಳಿದ. ಪ್ರಾಂಶುಪಾಲರು ಜೀಪು ಹತ್ತಿ ಹೋದರು. ಮಧ್ಯಾಹ್ನದ ಮೇಲೆ ಬಂದು ಹಾಸ್ಟೆಲಿನ ಹಿಂದಿನ ಕೊಳವೆಬಾವಿಯ ಕೈಪಂಪಿನ ಕೆಳಗೆ ಬಟ್ಟೆ ಸಮೇತ ಸ್ನಾನ ಮಾಡಿದರು. ಯಾಕೆ ಸಾರ್ ಎಂದು ಒಬ್ಬ ಕೇಳಿದ. ಸೆಕೆ ಎಂದರು.

ಸಂಜೆಯೊಳಗೆ ಇಡೀ ಕಾಲೇಜಿಗೆ ಗೊತ್ತಾಯಿತು. ಗೇಟಿನ ಕಾವಲುಗಾರನಿಗೆ ಗೊತ್ತು. ಅಡುಗೆಯವನಿಗೆ ಗೊತ್ತು. ಎಲ್ಲಪ್ಪನಿಗೆ ಗೊತ್ತು. ಅವರಾರೂ ಆವಲಮ್ಮನ ಸಂಬಂಧಿಗಳಲ್ಲ. ಹಾಗಾಗಿ ಅವರು ತಿಳಿದಿದ್ದರಿಂದ ಬಾಧಕವಿಲ್ಲ ಎಂದು ವಿಭಾಗದ ಮುಖ್ಯಸ್ಥರು ಸ್ಪಷ್ಟೀಕರಣ ನೀಡಿದರು. ಕದಿರೇಶನಿಗೆ ತಿಳಿದರೆ ಮಾತ್ರ ಅದು ಒಲೆಯ ಮೂಲಕ ಎಲ್ಲರಿಗೂ ಹರಡುತ್ತದೆ. ಎಲೆಕ್ಟ್ರಿಕಲ್‌ನವರು ಇದನ್ನು ಸರ್ಕ್ಯೂಟ್ ಎಂದು ಸರಿಯಾಗಿ ಗ್ರಹಿಸಿದರು. ವಿಷಯಗಳು ಒಂದರೊಳಗೊಂದು ಬೆರೆಯಬೇಕು ಎಂಬ ಸುತ್ತೋಲೆಯ ಆಶಯ ಅಲ್ಲಿ ಈಡೇರಿತು.

ಆವತ್ತಿನಿಂದ ಹುಡುಗರು ಕದಿರೇಶನಿಗೆ ತುಂಬಾ ಒಳ್ಳೆಯವರಾದರು. ಊಟಕ್ಕೆ ಕೂತರೆ ಅವನ ತಟ್ಟೆಗೆ ಮೊದಲು ಬಡಿಸಿದರು. ಅವನ ಪಾಲಿನ ಸೊಪ್ಪನ್ನು ಎಲ್ಲಪ್ಪ ಹೊತ್ತು ತಂದ. ಎಂದೂ ಮಾತಾಡಿಸದ ಪ್ರಾಂಶುಪಾಲರು ಬೆನ್ನು ಸವರಿದರು. ಅವನು ಬಂದಾಗ ಮಾತು ನಿಲ್ಲುತ್ತಿತ್ತು. ಆಮೇಲೆ ಎಲ್ಲರೂ ಒಟ್ಟಿಗೆ ಹುಳುವಿನ ವಿಷಯ ಮಾತಾಡುತ್ತಿದ್ದರು.

ವಾರದ ಬಸ್ಸಿನಲ್ಲಿ ಗಂಟು ಬಂತು. ನಿಂತುಹೋದರೆ ಅನುಮಾನ ಬರುತ್ತದೆಂದು ಮುನಿಶಾಮಮ್ಮ ತಾನೇ ಕಟ್ಟಿ ಕಳಿಸಿದ್ದಳು. ಕಂಡಕ್ಟರ್ ಕೊಟ್ಟು, ಮುಖ ನೋಡದೆ ಹತ್ತಿಕೊಂಡ. ಕದಿರೇಶ ರೂಮಿಗೆ ಬಂದು ಗಂಟು ಬಿಚ್ಚಿ ರೊಟ್ಟಿಯ ಮೇಲೆ ಚಟ್ನಿಪುಡಿ ಹಾಕಿಕೊಂಡ. ಪುಡಿಯಲ್ಲಿ ಬೆಳ್ಳುಳ್ಳಿ ಇತ್ತು. ಆವಲಮ್ಮ ಬೆಳ್ಳುಳ್ಳಿ ಮುಟ್ಟುತ್ತಿರಲಿಲ್ಲ.

ಎಲ್ಲಪ್ಪ ನೋಡುತ್ತಿದ್ದ. "ಹೆಂಗೈತೋ?" ಎಂದ.

"ಚೆನ್ನಾಗೈತೆ."

"ನಿಮ್ಮವ್ವ ಹುಷಾರಾಗಿರ್ಬೇಕು. ಪುಡಿ ಮಾಡಿ ಕಳ್ಸವ್ಳೆ ಅಂದ್ರೆ."

"ಹೂಂ," ಎಂದ ಕದಿರೇಶ. ರೊಟ್ಟಿ ಪೂರ್ತಿ ತಿಂದ. ಕೈ ತೊಳೆದುಕೊಂಡು ಪ್ರಾಂಶುಪಾಲರ ಕೋಣೆಗೆ ಹೋದ.

"ಸಾರ್, ಊರಿಗೆ ಹೋಗ್ಬರ್ಲಾ?"

"ಯಾಕಪ್ಪ?"

"ಸುಮ್ನೆ ಸಾರ್."

"ನಿನಗೆ ಯಾರಾದರೂ ಏನಾದರೂ ಹೇಳಿದ್ರಾ?"

"ಇಲ್ಲ ಸಾರ್."

"ನಿನಗೆ ಏನಾದರೂ ತಿಳಿದಿದೆಯಾ?"

ಕದಿರೇಶ ಕಿಟಕಿಯ ಕಡೆ ನೋಡಿದ. ಹೊರಗೆ ಅವನ ತರಗತಿಯವರು ಸೊಪ್ಪಿನ ಹೊರೆ ಇಳಿಸುತ್ತಿದ್ದರು. ಅವರಲ್ಲಿ ಕೆಲವರು ಹೊರೆ ಹೊತ್ತುಕೊಂಡೇ ನಿಂತು ಇತ್ತ ನೋಡುತ್ತಿದ್ದರು.

"ಇಲ್ಲ ಸಾರ್. ಏನೂ ತಿಳಿದಿಲ್ಲ."

"ಶಭಾಷ್. ಮತ್ತೆ ಊರಿಗೆ ಯಾಕೆ ಹೋಗೋದು?"

"ಹೌದು ಸಾರ್."

ಅವನು ಹುಳುಮನೆಗೆ ಹೋಗಿ ತನ್ನ ತಟ್ಟೆಗೆ ಸೊಪ್ಪು ಹಾಕಿದ. ಮೋಡವಾಗಿತ್ತು. ಸೊಪ್ಪನ್ನು ಬಟ್ಟೆಯಲ್ಲಿ ಒರೆಸಿ ಹಾಕಿದ.

ಗೂಡು ಕಟ್ಟುವ ಹೊತ್ತಿಗೆ ವಿಶ್ವವಿದ್ಯಾಲಯದಿಂದ ಹೊರಗಿನ ಪರೀಕ್ಷಕರು ಬಂದರು. ದೊಡ್ಡ ವಿದ್ವಾಂಸರು. ಗಂಗರತ್ನಮ್ಮನವರು ಅವರನ್ನು ಬಾಗಿಲಲ್ಲೇ ತಡೆದರು.

"ಸ್ನಾನ ಆಗೈತಾ?"

"ಆಗಿದೆ."

"ಸಿಗರೇಟು ಸೇದ್ತೀರಾ?"

"ದಿನಕ್ಕೆ ಒಂದೆರಡು."

"ಮನೇಲಿ ಯಾರಾದ್ರೂ ತೀರ್ಕೊಂಡವ್ರಾ?"

"ಚಿಕ್ಕಪ್ಪನಿಗೆ ಸ್ವಲ್ಪ ಸೀರಿಯಸ್ ಇದೆ."

"ಅಲ್ಲೇ ಕೂತ್ಕೊಳ್ಳಿ."

ಪರೀಕ್ಷಕರು ಹೊಂಗೆ ಮರದ ಕೆಳಗೆ ಬೆಂಚಿನ ಮೇಲೆ ಕೂತು ಪರೀಕ್ಷೆ ನಡೆಸಿದರು. ಹುಳುಗಳನ್ನು ಅವರು ನೋಡಲಿಲ್ಲ. ಅವರ ಕಣ್ಣು ಹುಳುವಿನ ಮೇಲೆ ಬೀಳಬಾರದಿತ್ತು. ಎಳನೀರು ಕುಡಿದರು. ಕದಿರೇಶನನ್ನು ಕರೆದು, "ಈ ಪ್ರಯೋಗದಿಂದ ನೀನು ಏನು ತಿಳಿದುಕೊಂಡೆ?" ಎಂದು ಕೇಳಿದರು.

ಪ್ರಾಂಶುಪಾಲರು ಉಸಿರು ಬಿಗಿಹಿಡಿದರು.

"ಏನೂ ತಿಳ್ಕೊಂಡಿಲ್ಲ ಸಾರ್," ಎಂದ ಕದಿರೇಶ.

ಅದು ಸರಿಯಾದ ಉತ್ತರವೆಂದು ಪ್ರಾಂಶುಪಾಲರು ಪರೀಕ್ಷಕರಿಗೆ ಪ್ರಕಟಣೆಯ ಪ್ರತಿ ತೋರಿಸಿದರು. ಪರೀಕ್ಷಕರು ಪೂರ್ತಿ ಅಂಕ ಕೊಟ್ಟರು. ವರದಿಯಲ್ಲಿ ಹೀಗೆ ಬರೆದರು: "ಈ ಕಾಲೇಜಿನಲ್ಲಿ ಜೀವದ ಬಗ್ಗೆ ಇರುವ ಕಾಳಜಿಯನ್ನು ಬೇರೆಲ್ಲೂ ಕಂಡಿಲ್ಲ. ಇತರ ಕಾಲೇಜುಗಳು ಅನುಸರಿಸತಕ್ಕದ್ದು."

ಬೆಳೆ ಚೆನ್ನಾಗಿ ಬಂತು. ಕದಿರೇಶನ ತಟ್ಟೆಯ ಗೂಡು ಎಲ್ಲಕ್ಕಿಂತ ತೂಕವಾಗಿತ್ತು. ತರಗತಿಯ ಅಷ್ಟೂ ಜನ ಪಾಸು. ಎಲ್ಲಪ್ಪ ಅವನನ್ನು ಅಪ್ಪಿಕೊಂಡು ಅತ್ತ. ಯಾಕೋ ಅಳ್ತೀಯ ಎಂದು ಕದಿರೇಶ ಕೇಳಿದ. ಪಾಸಾದೆನಲ್ಲ ಅಂತ ಎಂದ ಎಲ್ಲಪ್ಪ.

ಈಗ ಅವನಿಗೆ ತಿಳಿಸುವ ಕೆಲಸ ಉಳಿಯಿತು. ಅದೂ ಸುಲಭವಿರಲಿಲ್ಲ. ಹುಳುಮನೆಯಲ್ಲಿ ಮುಂದಿನ ಬೆಳೆಗೆ ಮೊಟ್ಟೆ ಒಡೆಯುವುದರಲ್ಲಿತ್ತು. ಹಾಸ್ಟೆಲಿನಲ್ಲಿ ಇರುವಾಗ ತಿಳಿಸಿದರೆ ಮತ್ತೆ ಒಲೆಯ ಪ್ರಶ್ನೆ ಬರುತ್ತದೆ. ಆದ್ದರಿಂದ ಮೊದಲು ಅವನ ಹೆಸರನ್ನು ಊಟದಿಂದ ತೆಗೆಯಲಾಯಿತು. ಗ್ರಂಥಾಲಯದ ಬೀಗ ತೆಗೆಸಿ, ಅವನಿಂದ ಯಾವ ಪುಸ್ತಕವೂ ಬರಬೇಕಿಲ್ಲವೆಂದು ಸಹಿ ಹಾಕಿಸಿಕೊಳ್ಳಲಾಯಿತು. ಪಾಸಾದ ಪತ್ರ ಕೈಗೆ ಕೊಡಲಾ​ಯಿತು. ಪೆಟ್ಟಿಗೆ ಹೊರಗೆ ಬಂತು. ಅವನು ಗೇಟು ದಾಟಿ ಬಸ್ಸಿಗೆ ನಿಂತ ಮೇಲೆ, ಪ್ರಾಂಶುಪಾಲರು ಗೇಟಿನ ಒಳಗೆ ನಿಂತು ಗಂಟಲು ಸರಿಮಾಡಿಕೊಂಡರು.

"ಕದಿರೇಶ, ನಿಮ್ಮ ಅಜ್ಜಿ ಆವಲಮ್ಮನವರು ಹೋದ ವಾರ ದೈವಾಧೀನರಾದರು ಎಂದು ತಿಳಿಸಲು ಕಾಲೇಜು ವಿಷಾದಿಸುತ್ತದೆ. ಇನ್ನು ನೀನು ತಿಳಿದುಕೊಳ್ಳಬಹುದು."

ಕದಿರೇಶ ಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಬಾಯಿಗೆ ಅಕ್ಕಿ ಯಾರು ಹಾಕಿದ್ರು ಸಾರ್?"

"ನಾನೇ ಹಾಕಿದೆ," ಎಂದರು ಪ್ರಾಂಶುಪಾಲರು. "ಕಾಲೇಜಿನ ಪರವಾಗಿ."

"ಥ್ಯಾಂಕ್ಸ್ ಸಾರ್."

"ಅದು ನಮ್ಮ ಕರ್ತವ್ಯ."

ಗೇಟು ಮುಚ್ಚಲಾಯಿತು. ಬಸ್ಸು ಬರುವವರೆಗೆ ಯಾರೂ ಅವನ ಹತ್ತಿರ ಹೋಗಲಿಲ್ಲ. ಅವನಿಗೆ ಸೂತಕವಿತ್ತು.

ವಿಶ್ವವಿದ್ಯಾಲಯವು ವರದಿಯನ್ನು ಪರಿಶೀಲಿಸಿ ನಮ್ಮ ನಿಯಮವನ್ನು ಎಲ್ಲಾ ಕಾಲೇಜುಗಳಿಗೂ ವಿಸ್ತರಿಸಿತು. ಈಗ ಪ್ರಾಯೋಗಿಕ ಪರೀಕ್ಷೆಗೆ ಕೂರುವ ಪ್ರತಿ ವಿದ್ಯಾರ್ಥಿಯೂ ತನಗೆ ಏನೂ ತಿಳಿದಿಲ್ಲವೆಂದು ಪ್ರಾಂಶುಪಾಲರಿಂದ ಪ್ರಮಾಣಪತ್ರ ತರಬೇಕು. ಹುಳುವಿಲ್ಲದ ಕಾಲೇಜುಗಳೂ ತರಿಸಿಕೊಳ್ಳುತ್ತವೆ. ಸೀಟು ಕೇಳಲು ಬರುವ ತಂದೆತಾಯಿಗಳು ಈಗ ಸಿದ್ಧವಾಗಿಯೇ ಬರುತ್ತಾರೆ. "ನಮ್ಮಲ್ಲಿ ವಯಸ್ಸಾದೋರು ಯಾರೂ ಇಲ್ಲ ಸಾರ್, ಎಲ್ಲಾ ಮೊದಲೇ ಮುಗ್ದೋಗಿದೆ," ಎನ್ನುತ್ತಾರೆ. ಅಂಥವರಿಗೆ ಆದ್ಯತೆ ಇದೆ.

ಕದಿರೇಶ ಕಾರ್ಖಾನೆಗೆ ಹೋಗಿ ಕರ್ಮಕ್ಕೆ ರಜೆ ಕೇಳಿದ. ಸಾವು ನಡೆದ ದಿನದಿಂದ ಹತ್ತು ದಿನದೊಳಗೆ ಕೇಳಿದರೆ ರಜೆ ಉಂಟು ಎಂದರು. ಅವನಿಗೆ ತಿಳಿದದ್ದು ಮೊನ್ನೆ. ಅಲ್ಲಿ ಸಾವನ್ನು ಸತ್ತ ದಿನದಿಂದ ಎಣಿಸುತ್ತಿದ್ದರು. ಅವಧಿ ಮೀರಿತ್ತು. ಅವನು ವಾದಿಸಲಿಲ್ಲ. ಗೇಟಿನ ಹೊರಗೆ ಮರದ ಕೆಳಗೆ ಕೂತಿದ್ದ ಕ್ಷೌರಿಕನ ಹತ್ತಿರ ತಲೆ ಬೋಳಿಸಿಕೊಂಡು, ನಲ್ಲಿಯ ಕೆಳಗೆ ತಲೆಯೊಡ್ಡಿ, ಮೊದಲ ಪಾಳಿಗೆ ಒಳಗೆ ಹೋದ.

ಫೋರ್‌ಮನ್ ಮೇಲಿಂದ ಕೆಳಗೆ ನೋಡಿದ.

"ತಿರುಪತಿಗೆ ಹೋಗಿದ್ಯಾ?"

"ಇಲ್ಲ ಸಾರ್. ಪ್ರಾಕ್ಟಿಕಲ್ ಎಕ್ಸಾಮ್ ಇತ್ತು."

"ಓಹೋ. ಎಷ್ಟು ಬಂತು?"

"ನೂರಕ್ಕೆ ನೂರು."

"ಒಳ್ಳೇದಾಯ್ತು ಬಿಡು," ಎಂದು ಫೋರ್‌ಮನ್ ಅವನಿಗೆ ಯಂತ್ರ ತೋರಿಸಿದ.